ಕಿವಿ ಮುಟ್ಟುವ ವಯಸ್ಸು

ವಾಸ್ಕೊದ ಬೈನಾದಲ್ಲಿ, ಕನ್ನಡ ಶಾಲೆಯ ಜಗಲಿ ಮೇಲೆ,
ಕಬ್ಬೂರ ಮಾಸ್ತರರು ವಯಸ್ಸನ್ನು ಅಳೆಯುತ್ತಿದ್ದುದು
ಕೈಯಿಂದ, ಕಾಗದದಿಂದಲ್ಲ.
"ಬಲಗೈ ಎತ್ತು. ತಲಿ ಮ್ಯಾಲಿಂದ ತಾ.
ಎಡಗಿವಿ ಸಿಗತೈತೇನು?"
ನನಗೆ ಸಿಗಲಿಲ್ಲ.
ಬೆರಳಿಗೂ ಕಿವಿಗೂ ನಡುವೆ
ಒಂದು ಬೆಲ್ಲದ ಹರಳಿನಷ್ಟು ಜಾಗ.
ಅವ್ವ ಹಿಂದಿನಿಂದ ನನ್ನ ತಲೆ ವಾಲಿಸಿದಳು.
ಅದಿರು ಹೊತ್ತು ಕೆಂಪಾದ ಅವಳ ಬೆರಳ ಗುರುತು
ನನ್ನ ಬಿಳಿ ರಿಬ್ಬನ್ನಿನ ಮೇಲೆ.
ಮಾಸ್ತರರು ನೋಡಿದರು, ನೋಡಲಿಲ್ಲ,
ಬರೆದರು: ಜೂನ್ ಒಂದು.

ಆ ವರ್ಷ ಒಂದನೇ ಇಯತ್ತೆಯಲ್ಲಿ
ಮೂವತ್ತೊಂದು ಮಂದಿ ಒಂದೇ ದಿನ ಹುಟ್ಟಿದವರು.
ಅವ್ವನ ಲೆಕ್ಕ ಬೇರೆ:
ಹೋಳಿ ಹುಣ್ಣಿಮೆಗೆ ಮೂರು ದಿನ ಇತ್ತು,
ಪಾವ್ ಮಾರುವವನ ಭೋಂಪು ಕೇಳುವ ಹೊತ್ತು,
ಬಾರ್ಜು ಮುಳುಗಿದ ವರ್ಷ.
ಯಾವ ಬಾರ್ಜು ಎಂದರೆ
"ಮುಳುಗಿದ್ದು" ಎನ್ನುತ್ತಾಳೆ.

ಸುಳ್ಳು ತಾರೀಖು ನನ್ನ ಜೊತೆಗೇ ಬೆಳೆಯಿತು.
ನರ್ಸಿಂಗ್ ನೋಂದಣಿಯಲ್ಲಿ, ಬ್ಯಾಂಕಿನಲ್ಲಿ, ಪಾಸ್‌ಪೋರ್ಟಿನಲ್ಲಿ
ಅದಕ್ಕೊಂದು ಫೋಟೊ, ಅದಕ್ಕೊಂದು ಸಹಿ.
ಈಗ ಅದು ನನಗಿಂತ ನಿಜ.

ಮಗಳದು ಹಾಗಲ್ಲ.
ಕಸ್ತೂರಿ ಹುಟ್ಟಿದ್ದು ಡಿಸೆಂಬರ್ ಒಂಬತ್ತು,
ಬೆಳಗಿನ ನಾಲ್ಕು ಗಂಟೆ ಹನ್ನೆರಡು ನಿಮಿಷ,
ಎರಡು ಕಿಲೊ ಏಳುನೂರು ಗ್ರಾಂ,
ನಾನು ಕೆಲಸ ಮಾಡುವ ವಾರ್ಡಿನಲ್ಲೇ,
ನನ್ನ ಜೂನಿಯರ್ ಗೋಡೆ ಗಡಿಯಾರ ನೋಡಿ ಬರೆದದ್ದು.
ತಲೆ ವಾಲಿಸಲು ಸಂದೆಲ್ಲಿದೆ ಅದರಲ್ಲಿ?

ಗಾಲ್ವೇಯ ಶಾಲೆಯಿಂದ ಬಂದ ಪತ್ರ ವಿನಯದ್ದು.
ವರ್ಗ ಗೊತ್ತುಮಾಡುವುದು ವಯಸ್ಸು, ಕಲಿತ ಪಾಠವಲ್ಲ.
ಜನವರಿಗೆ ಆರು ವರ್ಷ ಒಂದು ತಿಂಗಳು.
ಆದ್ದರಿಂದ, ಸೀನಿಯರ್ ಇನ್‌ಫಂಟ್ಸ್.
"ಅಂದರ?" ಅಂದಳು ಕಸ್ತೂರಿ.
ಕನ್ನಡಕ್ಕೆ ತಂದೆ: ಹಿರಿಯ ಕೂಸುಗಳು.
ಬಾಯಲ್ಲಿದ್ದ ಪಾವ್ ನುಂಗದೆಯೇ ಅಳತೊಡಗಿದಳು.
ಒಂದನೇ ಇಯತ್ತೆ ಅರ್ಧ ಮುಗಿಸಿದವಳು,
ಮೂರರ ಮಗ್ಗಿ ಬರುತ್ತದೆ,
ಕಾಲುಚೀಲ ತಾನೇ ಹಾಕಿಕೊಳ್ಳುತ್ತಾಳೆ,
ಹಿಮ್ಮಡಿ ಒಮ್ಮೊಮ್ಮೆ ಮೇಲೆ ಬರುತ್ತದೆ, ಅಷ್ಟೆ.
"ಹಲ್ಲು ಬಿದ್ದ ಕೂಸು ಇರತಾವೇನು?"
ತುಟಿ ಎತ್ತಿ ಖಾಲಿ ಜಾಗ ತೋರಿಸಿದಳು.

ಗಂಡ ಬಂದರಿನ ಕ್ರೇನಿನಿಂದ ಇಳಿದು ಬಂದು
"ಅಲ್ಲೂ ಸಮುದ್ರ ಐತಲ್ಲ" ಅಂದ,
ಇದ್ದದ್ದು ಅದೊಂದೇ ಪ್ರಶ್ನೆ ಎಂಬಂತೆ.
ಅವ್ವನಿಗೆ ಎಲ್ಲ ಸರಳ:
"ಒಂದ ವರ್ಷ ಹೆಚ್ಚ ಬರದ ಕೊಡು.
ನಿಂದೂ ಹಂಗ ಬರಸಿದ್ವಿಲ್ಲೇನು?"

ನಾನು ಯಾರಿಗೂ ಹೇಳಿಲ್ಲ,
ಅದೇ ವಾರ ನನಗೂ ಒಂದು ಪತ್ರ ಬಂದಿದೆ.
ಹದಿನಾಲ್ಕು ವರ್ಷ ನರ ಹುಡುಕಿದ ಬೆರಳು,
ಕರೆಂಟು ಹೋದ ಮಳೆಯಲ್ಲಿ, ಟಾರ್ಚು ಕಚ್ಚಿಕೊಂಡು
ಹಾಲುಗೂಸಿನ ನರವನ್ನೂ ಹುಡುಕಿದ ಬೆರಳು,
ಅಲ್ಲಿ ಮೊದಲ ಕೆಲವು ವಾರ
ಯಾರದೋ ಕಣ್ಣೆದುರು ನಾಡಿ ಹಿಡಿದು ತೋರಿಸಬೇಕು.
ಅವರು ಟಿಕ್ ಹಾಕಿದ ಮೇಲೆ ನಾನು ನರ್ಸು.

ಅಜ್ಜಿಯಿಂದ ಕೇಳಿ ಕಲಿತಿರಬೇಕು,
ಮಲಗುವ ಮುನ್ನ ಕಸ್ತೂರಿ ಬಲಗೈ ಎತ್ತಿ
ತಲೆಯ ಮೇಲಿಂದ ತಂದು
ಎಡಗಿವಿಯನ್ನು ಓಲೆಯ ಸಮೇತ ಜಗ್ಗಿದಳು.
"ಇದರ ಫೋಟೊ ತಗದು ಕಳಸು."
ತೆಗೆದೆ. ಕಳಿಸಲಿಲ್ಲ.

ಅವಳು ನಿದ್ದೆ ಹೋದ ಮೇಲೆ ಅಡುಗೆಮನೆಯ ಕಿಟಕಿಯಲ್ಲಿ,
ಕಲ್ಲಿದ್ದಲ ಪುಡಿ ಒರೆಸಿದಷ್ಟು ಗಾಜಿನಲ್ಲಿ,
ನಾನೂ ಕೈ ಎತ್ತಿದೆ.
ಎದುರುಮನೆ ಫಿಲೋಮಿನಾಳ ಕ್ರಿಸ್ಮಸ್ ನಕ್ಷತ್ರ
ಹತ್ತುತ್ತಿತ್ತು, ಆರುತ್ತಿತ್ತು.
ಕಿವಿ ಸಿಕ್ಕಿತು. ಕಿವಿ ದಾಟಿ ಕೆನ್ನೆಯೂ ಸಿಕ್ಕಿತು.

ಮೇಜಿಗೆ ಬಂದು ಮಗಳ ಹೆಸರಿನೆದುರು
ಡಿಸೆಂಬರ್ ಒಂಬತ್ತು ಎಂದೇ ಬರೆದೆ.
ಕೆಳಗಿನ ಸಾಲು ತಾಯಿಯದು.
ಅಲ್ಲಿ, ತಲೆ ಸ್ವಲ್ಪ ವಾಲಿಸಿ,
ಜೂನ್ ಒಂದು.