ಟುಲಿಪ್ ಅಲ್ಲ

ಕರತೌ ಬೆಟ್ಟದ ಸಡಿಲುಗಲ್ಲಿನ ಇಳುಕಲಿನಲ್ಲಿ
ಕುಲ್ಯಾಶ್ ಕಂಡದ್ದು ಎರಡೇ ಎಲೆ.
ಬೂದು, ಅಗಲ, ಅಂಚಿಗೆ ಕೆಂಪು ನೂಲಿನ ಹೊಲಿಗೆ,
ನೆಲಕ್ಕೆ ಕಿವಿಗೊಟ್ಟು ಮಲಗಿದ್ದವು.
"ಟುಲಿಪ್" ಎಂದ ಪಕ್ಕದ ಮನೆಯ ಒರಾಝ್,
ನಲವತ್ತು ವರ್ಷ ಲಾರಿ ಓಡಿಸಿದವನ ಖಚಿತ ದನಿಯಲ್ಲಿ.

ಗಡ್ಡೆ ಕೀಳಲಿಲ್ಲ ಅವಳು.
ಜೂನ್ ಕೊನೆಗೆ ಮತ್ತೆ ಹತ್ತಿ ಹೋಗಿ
ಒಣಗಿದ ಚೆಂಡಿನಿಂದ ಬೀಜ ಕೊಡವಿಕೊಂಡಳು,
ಇದ್ದಿಲ ಚೂರಿನಂಥವು, ಮೂಲೆ ಮೂಲೆ.

ಚಳಿ ಕಾಣದೆ ಮೊಳೆಯದ ಜಾತಿ.
ಹಳೇ ಡಬ್ಬಿಯಲ್ಲಿ ಬಿತ್ತಿ ಹಿಮಕ್ಕೇ ಬಿಟ್ಟಳು.
ಮಾರ್ಚಿನಲ್ಲಿ ಎದ್ದದ್ದು ಒಂದೊಂದು ಹಸಿರು ಕೂದಲು,
ಮೊಣಕಾಲು ಮಡಚಿ, ತಲೆಗೆ ಬೀಜದ ಟೋಪಿ.
"ಹುಲ್ಲು" ಎಂದ ಒರಾಝ್.

ಮರುವರ್ಷವೂ ಹುಲ್ಲೇ.
ಬೇಸಿಗೆಯಲ್ಲಿ ನೀರು ಹಾಕಬಾರದು ಅದಕ್ಕೆ,
ಸತ್ತಂತೆ ಬಿದ್ದಿರಲು ಬಿಡಬೇಕು.
ಮೊಮ್ಮಗಳು ಮರುಕಪಟ್ಟು ಸುರಿದ ಒಂದು ಚೊಂಬಿಗೆ
ಏಳರಲ್ಲಿ ನಾಲ್ಕು ಕೊಳೆತವು.
ಯಾರೂ ಬೈಯಲಿಲ್ಲ. ಅವಳು ಮಾತ್ರ ಎರಡು ದಿನ ಉಣ್ಣಲಿಲ್ಲ.

ಐದನೆಯ ವಸಂತ: ಎಲೆಗಳ ಮಡಿಲಲ್ಲಿ
ಮುಷ್ಟಿಗಾತ್ರದ ಮಸುಕು ಗುಲಾಬಿ ಚೆಂಡು,
ನೂರಾರು ಚುಕ್ಕಿ, ಒಂದೊಂದಕ್ಕೂ ಆರು ಕೇಸರ.
ಕನ್ನಡಕ ಏರಿಸಿ, ಇಳಿಸಿ, ಸೊಂಟ ಹಿಡಿದು ಬಗ್ಗಿ
ಎಣಿಸಿದ ಎಪ್ಪತ್ತನಾಲ್ಕರ ಒರಾಝ್.
"ಟುಲಿಪ್ಪಿಗೂ ಆರೇ."

ಕುಲ್ಯಾಶ್ ಮಾತಾಡಲಿಲ್ಲ.
ಎಲೆಯ ತುದಿ ಚಿವುಟಿ, ಬೆರಳಲ್ಲಿ ಹೊಸಕಿ
ಅವನ ಮೂಗಿಗೆ ಹಿಡಿದಳು.
ಹೆಂಡತಿ ಹೋದಮೇಲೆ ಒಲೆ ಹಚ್ಚದ ಮನೆಯವನು
ಆ ಘಾಟಿಗೆ ಒಮ್ಮೆ ಸೀನಿದ,
ತೋಳಿನಿಂದ ಕಣ್ಣೊರೆಸಿಕೊಂಡ.

"ಬೀಜ ಕಟ್ಟಿದಾಗ" ಎಂದ, ಬೇಲಿಯ ಕಡೆ ನೋಡುತ್ತ,
"ನನಗೂ ನಾಲ್ಕು ಕೊಡು
ನಿನ್ನ ಆ ಟುಲಿಪ್."