ಒಪ್ಪೋಲೆ

ಗದಗ ಸ್ಟೇಷನ್ ರಸ್ತೆಯ ಅಡ್ಡ ಓಣಿಯೊಳಗ
ಅಂದಾನೆಪ್ಪನವರ ಪ್ರೆಸ್ಸು.
ಹೊಸ್ತಿಲಕ್ಕೇ ಸೀಮೆಎಣ್ಣಿ ವಾಸನಿ,
ಒಳಗ ಟ್ರೆಡಲ್ ಮಷೀನಿನ ಧಡಲ್ ಭಡಲ್.
ಹತ್ತೊಂಬತ್ತರಾಕಿ ನಾನು,
ಸೀಸದ ಮೊಳಿ ಒಂದೊಂದ ಹೆಕ್ಕಿ
ಅಕ್ಷರಾನ ತಲಿಕೆಳಗ ಓದೋದು ಕಲಿತಿದ್ದೆ.
ಆರು ತಿಂಗಳಿಗೇ ಬೆರಳು
ಕತ್ತಲದಾಗೂ ಖಾನೆ ಹುಡುಕತಿತ್ತು:
ಇಲ್ಲಿ ‘ಕ’, ಅಲ್ಲಿ ‘ಳ’,
ಆ ಮೂಲ್ಯಾಗ ಒತ್ತು, ಈ ಮೂಲ್ಯಾಗ ಕೊಂಬು.
“ಪ್ರೂಫ್ ತಗೀಲೇನವಾ?” ಅಂತ ಗೌಸುಸಾಬ ಕೇಳಿದರ
“ನನ್ನ ಕೈಯಿಂದ ತಪ್ಪಾ?” ಅಂದಿದ್ದೆ.

ಐದುನೂರು ಲಗ್ನಪತ್ರಿಕಿ, ಕೋಟುಮಚಗಿಯವರದು.
ಅರಿಷಿಣ ಕಾಗದ, ಕೆಂಪು ಮಸಿ.
ಒಣಗಿದವು, ಕಟ್ಟು ಕಟ್ಟಿದೆವು, ಹೋದವು.
ಮೂರನೇ ದಿನ ಮದುಮಗಳ ಅಪ್ಪ ಬಂದ.
ಬೈಲಿಲ್ಲ. ಟೇಬಲ್ ಮ್ಯಾಲ ಒಂದು ಪತ್ರಿಕಿ ಇಟ್ಟು
ಬೆರಳು ಊರಿ ನಿಂತ.
‘ವಧು’ ಇರಬೇಕಾದಲ್ಲಿ
‘ವಧ’.

ಅಕ್ಷರದ ಕೊಂಬು ಬಿದ್ದಿತ್ತು.
ಬಿದ್ದದ್ದು ಎಲ್ಲಿಗೆ ಹೋತಂತ ಯಾರೂ ಹುಡುಕಲಿಲ್ಲ,
ನನ್ನ ತಲಿ ಮ್ಯಾಲ ಮೂಡಿದ್ದು
ಎಲ್ಲಾರಿಗೂ ಕಾಣತಿತ್ತು.

ಮೊದಲು, ಮೊಳಿ ಸವೆದಿತ್ತು ಅಂದೆ.
ಆಮ್ಯಾಲ, ಕರೆಂಟು ಹೋಗಿತ್ತು ಅಂದೆ.
ಗೌಸುಸಾಬ ಬಿಗಿ ಮಾಡಿರಲಿಲ್ಲ ಅಂದೆ.
ಆತ ಕೈ ಒರಸಿಕೋತ ನನ್ನ ಕಡೆ ನೋಡಿದ,
ನೋಡಿ, ಮತ್ತ ಕೈ ಒರಸಿಕೊಂಡ.
ಕಡೀಕ “ನಾನೇ” ಅಂದೆ.
ಎರಡ ಅಕ್ಷರ.
ಜೋಡಿಸಾಕ ಅರ್ಧ ತಾಸು ಹಿಡಿದಿತ್ತು.

ಟಪ್ಪಾಲಿಗೆ ಬಿದ್ದಿದ್ದವು ಅರವತ್ತೆರಡು. ಅವು ಹೋದಂಗ ಹೋದವು.
ಉಳಿದ ನಾನೂರ ಮೂವತ್ತೆಂಟಕ್ಕ
ಕೆಂಪು ಮಸಿಯೊಳಗ ಕಡ್ಡಿ ಅದ್ದಿ
ರಾತ್ರಿಯೆಲ್ಲಾ ಕೊಂಬು ಬರೆದೆ.
ಮುನ್ನೂರರ ಸುಮಾರಿಗೆ ಕೈ ನಡುಗಿ ಇನ್ನೆರಡು ಕೆಟ್ಟವು.
ಅಕ್ಕಿಕಾಳು ಹಾಕೂಮುಂದ ಮದುಮಗಳು ಇಂದುಮತಿ
ಸಣ್ಣ ದನಿಯೊಳಗ ಕೇಳಿದಳು:
“ನನ್ನ ಕೊಂದಾಕಿ ನೀನೇ ಏನು?”
ಆಕಿ ನಕ್ಕಳು. ನನಗ ನಗು ಬರಲಿಲ್ಲ.

ಹೊಳ್ಳಿ ಬಂದರ, ಅಂದಾನೆಪ್ಪನವರು
ಎರಡು ಕೆಲಸ ಮುಂದಿಟ್ಟರು.
ಒಂದು, ಕಿರಾಣಿ ಅಂಗಡಿಯ ಬಿಲ್ ಬುಕ್ಕು.
ಇನ್ನೊಂದು, ಬೆಟಗೇರಿಯ ವಿಠ್ಠಲಸಾ ಬಾಕಳೆ ಮಾಸ್ತರರ
ಮಗ್ಗದ ಮಾತಿನ ಪದಕೋಶ:
ಲಾಳಿ, ಹಾಸು, ಹೊಕ್ಕು, ಹಣಿಗಿ,
ಮುದುಕರ ಬಾಯಾಗ ಅಷ್ಟೇ ಉಳಿದ ಸಾವಿರಾರು ಮಾತು.
ಮುನ್ನೂರು ಪುಟ. ಒಂದು ಮಾತು ಹಿಡಿದು
ಮುಂದಿನದು ಊಹಿಸಾಕ ದಾರಿ ಇಲ್ಲ.
ಪಗಾರ ಎರಡಕ್ಕೂ ಅಷ್ಟ.
“ಯಾವುದು ಬೇಕೋ ತಗೋ.”

ಬಿಲ್ ಬುಕ್ಕಿನ್ಯಾಗ ತಪ್ಪಾಗಾಕ ಜಾಗಾನ ಇರಲಿಲ್ಲ.
ಅದಕ್ಕ ಅದರ ಅಂಜಿಕಿ ಬಂತು.

ಹದಿನಾಲ್ಕು ತಿಂಗಳು.
ಪ್ರತಿ ಪ್ರೂಫಿಗೂ ಗೌಸುಸಾಬನ ಮುಂದ ಕೈಕಟ್ಟಿ ಕುಂತೆ.
ಗೋಡಿಗೆ ಒಂದು ಹಾಳಿ ಅಂಟಿಸಿದೆ:
ಊಟಾದ ಮ್ಯಾಲ ಒತ್ತು ಮರೀತೀನಿ.
ಸಿಟ್ಟಿದ್ದಾಗ ದೀರ್ಘ ನುಂಗತೀನಿ.
ಯಾರರೆ ಹೊಗಳಿದ ದಿನ
ಎಲ್ಲಾನೂ ಮರೀತೀನಿ.
ಯಾವ ಜೋಯಿಸನೂ ಬರೆಯದ ಜಾತಕ ಅದು.

ಪುಸ್ತಕ ಹೊಲಿಸಿ ಬಂದ ದಿನ
ಯಾರಿಗೂ ಸಿಗದ್ದು ನನಗ ಸಿಕ್ಕಿತು.
ಹೇಳದಿದ್ದರ ನಡೀತಿತ್ತು.
ಮಾಸ್ತರರ ಮನಿತನಕ ನಡಕೊಂಡು ಹೋದೆ.
ಅವರು ಚಾಳೀಸು ಏರಿಸಿ ನೋಡಿದರು:
“ಲಾಳಿ ಹೋಗಿ ಲಾಲಿ ಆಗೇದಲ್ಲಬೇ,
ನಮ್ಮ ಮಗ್ಗ ಮಕ್ಕೊಂಡು ಹತ್ತು ವರ್ಷಾತು. ಇರಲಿ ಬಿಡು.”
ಇರಲಿ ಅನ್ನಿಸಲಿಲ್ಲ ನನಗ.

ಅಂಗೈಯಗಲ ಚೀಟಿ, ಪುಟ ಇನ್ನೂರ ಹನ್ನೊಂದು, ಸಾಲು ಒಂಬತ್ತು.
‘ತಪ್ಪು’ ಜೋಡಿಸಿದೆ.
‘ಒಪ್ಪು’ ಜೋಡಿಸೂಮುಂದ ನೋಡತೀನಿ,
ಅದ ಪಕಾರ, ಅದ ಒತ್ತು, ಅದ ಕೊಂಬು,
ಮುಂದಿನ ಒಂದು ಮೊಳಿ ಅಷ್ಟ ಬ್ಯಾರೆ.

ಗೌಸುಸಾಬ ಮಷೀನು ತಿರುವಾಕ ನಿಂತಿದ್ದ.
“ತಡಿ” ಅಂದೆ.
ಕೊಂಬು ಮುಟ್ಟಿ ನೋಡಿದೆ.
ಇತ್ತು.