ದೂರದ ಬಣ್ಣ

ಡ್ರಾಯಿಂಗ್ ತಾಸು ವಾರಕ್ಕೊಂದೇ, ಶನಿವಾರ, ಕಡೀಕ.
ಬೆಟಗೇರಿ ಸಾಲಿಯ ಕಿಟಕಿ ತೆಗೆದು
ಎಲೀಷಪ್ಪ ಮಾಸ್ತರು ಕೇಳುವರು:
"ಕಪ್ಪತಗುಡ್ಡ ಯಾವ ಬಣ್ಣ?"
ಹಸರು ರೀ, ಅಂದೆವು.
"ಹಸರು ನಿಮ್ಮ ತಲಿಯೊಳಗೈತಿ. ಗುಡ್ಡ ನೋಡ್ರಿ."

ಅವರ ಕಪಾಟಿನೊಳಗೆ ಹರಕು ಹಾಳೆಯೊಂದು:
ಅಮೆರಿಕದ ಯಾವುದೋ ಹೊಳೆ,
ನೂರೈವತ್ತು ವರ್ಷ ಹಳೆಯದು.
ಬರೆದವನೂ ಮಾಸ್ತರನೇ ಅಂತೆ,
ಹಗಲೆಲ್ಲ ಮಂದಿ ಮಕ್ಕಳ ಗೆರೆ ತಿದ್ದಿ
ಉಳಿದ ಬೆಳಕಿಗೆ ತನ್ನ ಹೊಳೆ ಬರೆದವ.
ಸಹಿ ಇದ್ದ ಮೂಲೆ ಗೆದ್ದಲಿಗೆ ಹೋಗಿತ್ತು.
"ಹೆಸರು ಹೋತು. ದೂರ ಹೆಂಗ ಉಳದೈತಿ ನೋಡು,
ಬರೇ ನೀಲಿಯೊಳಗ."

ಪೆನ್ಶನ್ ಆದಮೇಲೂ ಗುಡ್ಡವನ್ನೇ ಬರೆದರು,
ಲಗ್ನಪತ್ರಿಕೆಗಳ ಬೆನ್ನಿಗೆ.
ಗಾಳಿಯಂತ್ರಗಳು ಬಂದ ವರ್ಷ
ಬೈತಾರೆ ಅಂದುಕೊಂಡೆ.
ಅವು ನಿಂತಲ್ಲಿ ಕುಂಚ ತಾಗಿಸದೆ ಬಿಟ್ಟರು, ಅಷ್ಟೇ;
ಕಾಗದದ ಬಿಳುಪೇ ಕಂಬವಾಯಿತು.

ನಾನೀಗ ಮುಳಗುಂದ ನಾಕಾದಲ್ಲಿ
ನಂಬರ್ ಪ್ಲೇಟು ಬರೆಯುವವ.
ನಿನ್ನೆ ಒಬ್ಬ ಟ್ರಾಲಿ ತಂದು ನಿಲ್ಲಿಸಿ,
"ಹಿಂದ ಒಂದು ಗುಡ್ಡ ತೆಗಿಯೋ, ಹಚ್ಚಗ ಇರಲಿ" ಅಂದ.
ಹಸರಿನ ಡಬ್ಬಿ ತೆರೆದೆ.

ಚಾ ಕುಡಿಯಲು ಅವ ಆಚೆ ಹೋದಾಗ
ನೀಲಿ ಬೆರೆಸಿದೆ, ಒಂದು ಚಮಚೆ.